ಪಾಲುದಾರ ಬೇಕೇ, ಸಂಬಳದವರು ಸಾಕೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದವು: ವ್ಯಾಪಾರವನ್ನು ಒಬ್ಬರೇ ಶುರುಮಾಡುವುದೋ, ಜತೆಗೆ ಯಾರನ್ನಾದರೂ ಸೇರಿಸಿಕೊಳ್ಳುವುದೋ. ಆರು ಪ್ರಶ್ನೆಗಳನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡು ಮರದ ಗಾಣ ಹಾಕಿ ಕೊಬ್ಬರಿ ಎಣ್ಣೆ ತೆಗೆದು ಮಾರುವ ಯೋಚನೆ ಇದೆ. 12 ಲಕ್ಷ ಬೇಕಾಗಬಹುದು, ನನ್ನ ಕೈಯಲ್ಲಿ 6 ಲಕ್ಷ ಇದೆ. ಗೆಳೆಯನೊಬ್ಬ ಇನ್ನುಳಿದ 6 ಲಕ್ಷ ಹಾಕಿ ಅರ್ಧ ಪಾಲು ಕೇಳುತ್ತಿದ್ದಾನೆ. ಅವನು ಈಗಿರುವ ನೌಕರಿ ಬಿಡುವುದಿಲ್ಲ. ಸೇರಿಸಿಕೊಳ್ಳಲೇ?
— ಓದುಗರು, ತಿಪಟೂರು

ಉತ್ತರ: ಗೆಳೆಯನ ವಿಚಾರ ಆಮೇಲೆ. ಮೊದಲು ಗಾಣದ ಲೆಕ್ಕ ನೋಡಿ. ಒಂದು ಗಾಣಕ್ಕೆ ಒಂದು ಸಲಕ್ಕೆ ಸುಮಾರು 15 ಕಿಲೋ ಕೊಬ್ಬರಿ ಹಿಡಿಯುತ್ತದೆ. ಅರೆದು, ಎಣ್ಣೆ ಬಸಿದು, ಹಿಂಡಿ ತೆಗೆದು ಮತ್ತೆ ತುಂಬುವಷ್ಟರಲ್ಲಿ ಒಂದೂಕಾಲು ಗಂಟೆ. ದಿನಕ್ಕೆ ಆರು ಸುತ್ತು, ಅಂದರೆ 90 ಕಿಲೋ. ಕೊಬ್ಬರಿ ಚೆನ್ನಾಗಿ ಒಣಗಿದ್ದರೆ ನೂರಕ್ಕೆ 60 ಕಿಲೋ ಎಣ್ಣೆ ಸಿಗುತ್ತದೆ. ಹೀಗೆ ಒಂದು ಗಾಣದಿಂದ ದಿನಕ್ಕೆ ಹೆಚ್ಚುಕಡಿಮೆ 58 ಲೀಟರ್, ತಿಂಗಳಿಗೆ 25 ದಿನ ಓಡಿಸಿದರೆ 1,450 ಲೀಟರ್. ಎರಡು ಗಾಣವಾದರೆ 2,900. ಮನೆಗೆ ತಿಂಗಳಿಗೆ ಎರಡು ಲೀಟರ್ ಎಂದರೂ 1,450 ಕಾಯಂ ಮನೆಗಳು ಬೇಕು. ಮೊದಲ ವರ್ಷ ನಿಮಗೆ ಅಷ್ಟು ಗಿರಾಕಿ ಸಿಗುವುದು ಕಷ್ಟ. ಹಾಗಾಗಿ ಒಂದೇ ಗಾಣದಿಂದ ಶುರುಮಾಡಿ. ಆಗ 12 ಲಕ್ಷದ ಮಾತೇ ಬರುವುದಿಲ್ಲ.

ಯಂತ್ರಕ್ಕಿಂತ ಹೆಚ್ಚು ದುಡ್ಡು ಸಿಕ್ಕಿಹಾಕಿಕೊಳ್ಳುವುದು ಕೊಬ್ಬರಿಯಲ್ಲಿ. ಒಂದು ಲೀಟರ್ ಎಣ್ಣೆಗೆ ಒಂದೂವರೆ ಕಿಲೋ ಕೊಬ್ಬರಿ ಬೇಕು. ಕಿಲೋಗೆ 200 ರೂಪಾಯಿ ಹಿಡಿದರೆ ಕೊಬ್ಬರಿಗೇ 300 ರೂಪಾಯಿ ಹೋಯಿತು. ಕಿಲೋಗೆ 10 ರೂಪಾಯಿ ಏರಿದರೆ ಲೀಟರಿಗೆ 15 ರೂಪಾಯಿ ಏರುತ್ತದೆ, ಆದರೆ ಬಾಟಲಿಯ ಬೆಲೆಯನ್ನು ವಾರವಾರ ಬದಲಿಸಲು ಆಗುವುದಿಲ್ಲ. ಎರಡು ಗಾಣಕ್ಕೆ ಹದಿನೈದು ದಿನದ ದಾಸ್ತಾನು ಇಟ್ಟರೆ 2,700 ಕಿಲೋ, 5 ಲಕ್ಷ 40 ಸಾವಿರ. 2025ರಲ್ಲಿ ಕೊಬ್ಬರಿ ಬೆಲೆ ಏರಿದ ಪರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಪಟೂರಿನ ಹೆಸರುವಾಸಿ ಉಂಡೆ ಕೊಬ್ಬರಿಯನ್ನು ಗಾಣಕ್ಕೆ ಹಾಕಬೇಡಿ. ತಿನ್ನುವ ಕೊಬ್ಬರಿಯ ಬೆಲೆ ಕೊಟ್ಟು ಎಣ್ಣೆ ತೆಗೆದರೆ ಗಿಟ್ಟುವುದಿಲ್ಲ. ಎಣ್ಣೆ ಕೊಬ್ಬರಿಯನ್ನೇ ಕೊಳ್ಳಿ, ತೇವ ಶೇ. 6 ದಾಟಿರದಂತೆ ನೋಡಿ. ಹಸಿ ಇದ್ದರೆ ಬೂಸ್ಟು ಬರುತ್ತದೆ, ಎಣ್ಣೆ ಬೇಗ ಕಮಟುತ್ತದೆ, ವಾಪಸು ಬಂದ ಬಾಟಲಿಯ ಜತೆ ಗಿರಾಕಿಯೂ ಹೋಗುತ್ತಾನೆ.

ಇಷ್ಟಾದ ಮೇಲೂ 6 ಲಕ್ಷ ಬೇಕೆನಿಸಿದರೆ ಬ್ಯಾಂಕಿಗೆ ಹೋಗಿ. ಮುದ್ರಾ ಯೋಜನೆಯ ತರುಣ ವರ್ಗದಲ್ಲಿ 5ರಿಂದ 10 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ನಿಮ್ಮದೇ 6 ಲಕ್ಷ ಇರುವುದರಿಂದ ಮ್ಯಾನೇಜರ್ ಮುಂದೆ ನಿಮ್ಮ ಕೈ ಮೇಲಿರುತ್ತದೆ. ಬಡ್ಡಿ ಶೇ. 11, ಅವಧಿ 5 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 13,050 ರೂಪಾಯಿ, ಒಟ್ಟು ಬಡ್ಡಿ 1 ಲಕ್ಷ 83 ಸಾವಿರ. ತಿಂಗಳಿಗೆ ಸಾವಿರ ಲೀಟರ್ ಮಾರಿ, ಖರ್ಚೆಲ್ಲ ಕಳೆದು 40 ಸಾವಿರ ಉಳಿಯಿತು ಎನ್ನಿ. ಗೆಳೆಯನ ಅರ್ಧ 20 ಸಾವಿರ, ಐದು ವರ್ಷಕ್ಕೆ 12 ಲಕ್ಷ. ಆರನೆಯ ವರ್ಷವೂ ಅದು ನಿಲ್ಲುವುದಿಲ್ಲ. ಪಾಲುದಾರನಿದ್ದರೆ ನಷ್ಟವೂ ಅರ್ಧವಾಗುತ್ತದೆ, ಬ್ಯಾಂಕಿನ ಕಂತು ಮಾತ್ರ ನಷ್ಟದ ತಿಂಗಳಲ್ಲೂ ಬಾಗಿಲಿಗೆ ಬರುತ್ತದೆ ಎನ್ನುವುದು ನಿಜವೇ. ಅದಕ್ಕೆ ಆರು ಕಂತಿನ ಹಣ, 78 ಸಾವಿರ, ಪಕ್ಕಕ್ಕೆ ತೆಗೆದಿಟ್ಟು ಶುರುಮಾಡಿ.

ಗೆಳೆಯನ ಕೈಯಲ್ಲಿ ದುಡ್ಡಲ್ಲದೆ ಬೇರೇನಾದರೂ ಇದ್ದರೆ ಯೋಚಿಸಿ. ಬೆಂಗಳೂರಿನ ನಾಲ್ಕು ಅಪಾರ್ಟ್‌ಮೆಂಟ್‌ಗಳಲ್ಲಿ ತಿಂಗಳಿಗೆ 400 ಲೀಟರ್ ಮಾರಿಕೊಡಬಲ್ಲನೇ? ಆಗಲೂ ಮೊದಲ ವರ್ಷ ಲೀಟರಿಗೆ ಇಷ್ಟು ಎಂದು ಕಮಿಷನ್ ಕೊಟ್ಟು ನೋಡಿ. ಮಾರಿ ತೋರಿಸಿದ ಮೇಲೆ ಪಾಲಿನ ಮಾತಾಡಬಹುದು. ಬಡ್ಡಿಗೆ ಸಿಗುವ ಹಣಕ್ಕೆ, ಸಂಬಳಕ್ಕೆ ಸಿಗುವ ಕೆಲಸಕ್ಕೆ ಪಾಲು ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಾನು ಮತ್ತು ಕಾಲೇಜಿನ ಗೆಳೆಯ ಸೇರಿ ಅಂಗಡಿಗಳ ದಾಸ್ತಾನು ನೋಡಿಕೊಳ್ಳುವ ಆ್ಯಪ್ ಮಾಡುತ್ತಿದ್ದೇವೆ. ನಾನು ಕೆಲಸ ಬಿಟ್ಟಿದ್ದೇನೆ, ಅವನು ಇನ್ನೂ ಕಂಪನಿಯೊಂದರಲ್ಲಿದ್ದಾನೆ. ಪ್ರೈವೇಟ್ ಲಿಮಿಟೆಡ್ ಮಾಡಿ 50:50 ಇಟ್ಟುಕೊಂಡರೆ ಸರಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ತಂಡ ಬೇಕಾದ ಕೆಲಸ ಇದು. ಒಬ್ಬ ಕೋಡ್ ಬರೆಯುತ್ತಿರುವಾಗ ಇನ್ನೊಬ್ಬ ಅಂಗಡಿ ಅಂಗಡಿ ಅಲೆಯಲೇಬೇಕು. ಹಾಗಾಗಿ ಗೆಳೆಯ ಇರಲಿ, ಆದರೆ ಷೇರುಗಳನ್ನು ಮೊದಲ ದಿನವೇ ಪೂರ್ತಿ ಕೊಟ್ಟುಬಿಡಬೇಡಿ. ನಾಲ್ಕು ವರ್ಷದಲ್ಲಿ ತಿಂಗಳು ತಿಂಗಳು ದಕ್ಕುವಂತೆ, ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ದಕ್ಕದಂತೆ ಬರೆದುಕೊಳ್ಳಿ. ಅವನ ಹೆಸರಿನಲ್ಲಿ 5,000 ಷೇರು ಇದ್ದು, 14 ತಿಂಗಳಿಗೆ ಬಿಟ್ಟುಹೋದ ಎನ್ನಿ. 48ರಲ್ಲಿ 14 ಭಾಗ, ಅಂದರೆ 1,458 ಷೇರು ಅವನದು. ಮಿಕ್ಕ 3,542 ಷೇರುಗಳನ್ನು ಮುಖಬೆಲೆಗೆ ನೀವು ಕೊಳ್ಳಬಹುದು ಎಂದಿರಬೇಕು. ಇದೇ ನಿಯಮ ನಿಮಗೂ ಅನ್ವಯಿಸಬೇಕು, ಇಲ್ಲದಿದ್ದರೆ ಅವನು ಸಹಿ ಹಾಕುವುದಿಲ್ಲ, ಹಾಕಲೂಬಾರದು. ಅವನ ಎಣಿಕೆ ಶುರುವಾಗುವುದು ಅವನು ಪೂರ್ಣಾವಧಿ ಬಂದ ದಿನದಿಂದ.

ಇದನ್ನೆಲ್ಲ ಷೇರುದಾರರ ಒಪ್ಪಂದದಲ್ಲಿ ಬರೆದು ಸುಮ್ಮನಾಗುವವರೇ ಹೆಚ್ಚು. ಷೇರು ವರ್ಗಾವಣೆಯ ಮೇಲಿನ ನಿರ್ಬಂಧ ಕಂಪನಿಯ ಆರ್ಟಿಕಲ್ಸ್‌ನಲ್ಲೂ, ಅಂದರೆ ಒಳನಿಯಮಗಳಲ್ಲೂ, ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ರಂಗರಾಜ್ ಪ್ರಕರಣ ಎಂದೇ ವಕೀಲರು ಕರೆಯುವ ತೀರ್ಪು ಅದು. ಎರಡೂ ಕಡೆ ಒಂದೇ ಮಾತು ಇರಲಿ.

ಸಮಪಾಲಿನ ತೊಂದರೆ ಪಾಲಿನದಲ್ಲ, ಮತದ್ದು. ಇಬ್ಬರೇ ನಿರ್ದೇಶಕರು, ಒಬ್ಬ ಹೌದು ಒಬ್ಬ ಬೇಡ ಎಂದರೆ ನಿರ್ಣಯ ಬಿದ್ದುಹೋಗುತ್ತದೆ. 51:49 ಮಾಡಿ, ಅಥವಾ ಸಮವೇ ಇರಲಿ ಎನ್ನುವುದಾದರೆ ಯಾವ ವಿಷಯದಲ್ಲಿ ಯಾರ ಮಾತು ಕೊನೆ ಎಂದು ಹಂಚಿಕೊಳ್ಳಿ: ಬೆಲೆ ಮತ್ತು ಮಾರಾಟ ನಿಮ್ಮದು, ತಂತ್ರಜ್ಞಾನ ಅವನದು, ಇಷ್ಟು ಲಕ್ಷಕ್ಕೆ ಮೇಲಿನ ಖರ್ಚಿಗೆ ಇಬ್ಬರ ಸಹಿ.

ಈಗ ಮುಖ್ಯವಾದ ಅಪಾಯ. ಗೆಳೆಯ ನೌಕರಿಯಲ್ಲಿದ್ದುಕೊಂಡು ಬರೆಯುತ್ತಿರುವ ಕೋಡ್ ಯಾರದು? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೆಲಸ ಮಾಲೀಕರದು. ಅವನ ನೇಮಕಾತಿ ಪತ್ರ ಅದಕ್ಕಿಂತ ಬಿಗಿಯಾಗಿಯೂ ಇರಬಹುದು, ತರಿಸಿ ಓದಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಒಂದು ಸಾಲೂ ಬರೆಯದಿರಲಿ. ಹೊರಗಿನ ಫ್ರೀಲ್ಯಾನ್ಸರ್‌ಗೆ ಕೊಟ್ಟ ಕೆಲಸದ ಕತೆ ತದ್ವಿರುದ್ಧ: ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ, ಲಿಖಿತ ಹಸ್ತಾಂತರ ಪತ್ರ ಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಸ್ತಾಂತರವಾದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಅದೂ ಕಳೆದುಹೋಗುತ್ತದೆ. ಈ ಮೂರನ್ನೂ ಪತ್ರದಲ್ಲೇ ಬಿಡಿಸಿ ಬರೆಯಿರಿ. ಹೂಡಿಕೆದಾರರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು.

ಪ್ರಶ್ನೆ: ದೊಡ್ಡ ಉದ್ಯಮಿಗಳೆಲ್ಲ ಒಬ್ಬರೇ ಶುರುಮಾಡಿದರೇ, ಗುಂಪಾಗಿ ಮಾಡಿದರೇ?
— ಬಿ.ಕಾಂ. ವಿದ್ಯಾರ್ಥಿ, ಗದಗ

ಉತ್ತರ: ನಿಮ್ಮ ಊರಿನಲ್ಲೇ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಲಾರಿಯಿಂದ ಶುರುಮಾಡಿದರು. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಏಳು ಜನರಿಂದ ಶುರುವಾಗಿ 1983ರಲ್ಲಿ ಬೆಂಗಳೂರಿಗೆ ಬಂತು. ಪಟ್ಟಿ ಮಾಡುತ್ತ ಹೋದರೆ ಎರಡೂ ಕಡೆ ಹೆಸರುಗಳು ಸಿಗುತ್ತವೆ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಕಲಿಯುವುದಿದ್ದರೆ ಔಷಧ ಕಂಪನಿ ಬಯೋಕಾನ್ ನೋಡಿ. 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಕಿರಣ್ ಮಜುಂದಾರ್ ಒಬ್ಬರೇ ಶುರುಮಾಡಿದ್ದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಐರ್ಲೆಂಡಿನ ಕಂಪನಿಯೊಂದರ ಜತೆಗಿನ ಜಂಟಿ ಉದ್ಯಮ. ಪರಂಗಿಯ ಹಾಲಿನಿಂದ ಪಪೇನ್ ಎಂಬ ಕಿಣ್ವ, ಮೀನಿನಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್ ತಯಾರಿಸಿ ರಫ್ತು ಮಾಡುವುದು ಮೊದಲ ಕೆಲಸವಾಗಿತ್ತು. ಕಿಣ್ವಗಳ ತಿಳಿವಳಿಕೆ, ಹೊರದೇಶದ ಮಾರುಕಟ್ಟೆ ಆ ಪಾಲುದಾರರಿಂದ ಬಂತು. ಸಂಬಳ ಕೊಟ್ಟು ತರಿಸಿಕೊಳ್ಳಲಾಗದ್ದು ಅದು.

ಪ್ರಶ್ನೆ: ದಾವಣಗೆರೆಯಲ್ಲಿ ನಾವು ಮೂವರು ಅಣ್ಣತಮ್ಮಂದಿರು ಬೆಣ್ಣೆದೋಸೆ ಹೋಟೆಲ್ ನಡೆಸುತ್ತಿದ್ದೇವೆ. ದೊಡ್ಡಣ್ಣ 8 ಲಕ್ಷ ಹಾಕಿದ್ದಾನೆ. ನಾನು ಬೆಳಿಗ್ಗೆ ಐದರಿಂದ ರಾತ್ರಿಯವರೆಗೆ ಒಲೆಯ ಮುಂದೆ. ತಮ್ಮನದು ಕಟ್ಟಡ. ಬರವಣಿಗೆ ಏನೂ ಇಲ್ಲ. ತಿಂಗಳ ಕೊನೆಗೆ ಹಂಚುವಾಗ ಮನಸ್ತಾಪ ಬರುತ್ತಿದೆ.
— ಓದುಗರು, ದಾವಣಗೆರೆ

ಉತ್ತರ: ನೀವು ಬರೆದುಕೊಳ್ಳದಿದ್ದರೆ 1932ರ ಪಾಲುದಾರಿಕೆ ಕಾಯ್ದೆ ನಿಮ್ಮ ಪರವಾಗಿ ಬರೆದಿಟ್ಟಿದೆ, ಓದಿದರೆ ನಿಮಗೆ ಬೇಸರವಾಗುತ್ತದೆ. ಲಾಭ ನಷ್ಟ ಮೂವರಿಗೂ ಸಮ. ದುಡಿದವನಿಗೆ ಸಂಬಳ ಇಲ್ಲ. ಹಾಕಿದ ಬಂಡವಾಳಕ್ಕೆ ಬಡ್ಡಿ ಇಲ್ಲ. ಒಪ್ಪಂದ ಇದ್ದರೆ ಮಾತ್ರ ಇವು ಬದಲಾಗುತ್ತವೆ.

ಮನಸ್ತಾಪದ ಮೂಲ ಇರುವುದು ದುಡ್ಡು, ದುಡಿಮೆ, ಜಾಗ ಮೂರನ್ನೂ ‘ಪಾಲು’ ಎಂಬ ಒಂದೇ ತಕ್ಕಡಿಯಲ್ಲಿ ತೂಗುವುದರಲ್ಲಿ. ಬೇರೆ ಬೇರೆ ಮಾಡಿ. ತಿಂಗಳಿಗೆ 1 ಲಕ್ಷ 50 ಸಾವಿರ ಉಳಿಯುತ್ತದೆ ಎನ್ನಿ. ಮೊದಲು ತಮ್ಮನಿಗೆ ಬಾಡಿಗೆ 20,000. ನಿಮಗೆ ಸಂಬಳ 30,000. ಅಣ್ಣನ 8 ಲಕ್ಷಕ್ಕೆ ವರ್ಷಕ್ಕೆ ಶೇ. 12ರಂತೆ ತಿಂಗಳ ಬಡ್ಡಿ 8,000. ಉಳಿದದ್ದು 92,000, ಅದನ್ನು ಮೂರು ಪಾಲು ಮಾಡಿದರೆ ತಲಾ 30,667. ಒಟ್ಟಾರೆ ಅಣ್ಣನಿಗೆ 38,667, ನಿಮಗೆ 60,667, ತಮ್ಮನಿಗೆ 50,667. ಅಂಕಿಗಳನ್ನು ನೀವು ಹೆಚ್ಚುಕಡಿಮೆ ಮಾಡಿಕೊಳ್ಳಿ, ಕ್ರಮ ಇದೇ ಇರಲಿ. ಅಡುಗೆಗೆ ನಾಳೆ ಬೇರೆಯವರನ್ನು ಇಟ್ಟರೆ 30,000 ಅವರಿಗೆ ಹೋಗುತ್ತದೆ, ನಿಮ್ಮ ಪಾಲು ಹಾಗೇ ಉಳಿಯುತ್ತದೆ.

ಇದನ್ನೆಲ್ಲ ಪಾಲುದಾರಿಕೆ ಪತ್ರವಾಗಿ ಬರೆದುಕೊಳ್ಳಿ. ಕಟ್ಟಡದ ಬಗ್ಗೆ ಆ ಪತ್ರದಲ್ಲಿ ಒಂದು ಸಾಲು ತಪ್ಪದೆ ಇರಲಿ: ಇದು ಬಾಡಿಗೆಗೆ ಕೊಟ್ಟದ್ದು, ಫರ್ಮಿನ ಆಸ್ತಿಯಲ್ಲ. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ, ತಮ್ಮ ಅದನ್ನು ಬಂಡವಾಳವಾಗಿ ತಂದಿದ್ದ ಎಂದು ಯಾರಾದರೂ ವಾದ ಹೂಡುತ್ತಾರೆ.

ತೆರಿಗೆಗೂ ಈ ಪತ್ರ ಬೇಕು. ಫರ್ಮಿನ ಲಾಭಕ್ಕೆ ಶೇ. 30ರ ಒಂದೇ ದರ, ಮೇಲೆ ಸೆಸ್. ಪಾಲುದಾರರ ಸಂಬಳ, ಬಡ್ಡಿಯನ್ನು ಖರ್ಚೆಂದು ಕಳೆಯಬೇಕಾದರೆ ಅವು ಪತ್ರದಲ್ಲಿರಬೇಕು. ಬಡ್ಡಿ ಶೇ. 12 ಮೀರುವಂತಿಲ್ಲ, ಸಂಬಳ ದುಡಿಯುವ ಪಾಲುದಾರನಿಗೆ ಮಾತ್ರ, ಅದಕ್ಕೂ ಮಿತಿಯಿದೆ. ಏಪ್ರಿಲ್ 2025ರಿಂದ, ಒಬ್ಬ ಪಾಲುದಾರನಿಗೆ ವರ್ಷಕ್ಕೆ 20,000 ದಾಟಿ ಸಂಬಳ ಬಡ್ಡಿ ಕೊಟ್ಟರೆ ಫರ್ಮೇ ಶೇ. 10 ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬೇಕು. ಕೊನೆಯ ಲಾಭದ ಪಾಲಿಗೆ ಮಾತ್ರ ಪಾಲುದಾರನ ಕೈಯಲ್ಲಿ ಮತ್ತೆ ತೆರಿಗೆ ಬೀಳುವುದಿಲ್ಲ.

ಪತ್ರವನ್ನು ಛಾಪಾ ಕಾಗದದಲ್ಲಿ ಮಾಡಿಸಿ ಫರ್ಮನ್ನು ನೋಂದಾಯಿಸಿ. ನಮ್ಮ ರಾಜ್ಯದಲ್ಲಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ನೋಂದಣಿ ಕಡ್ಡಾಯವಲ್ಲ ಎಂದು ಹೇಳುವವರ ಮಾತು ಅರ್ಧ ಸತ್ಯ. ಮದುವೆ ಊಟದ ಆರ್ಡರ್ ಕೊಟ್ಟವನು 2 ಲಕ್ಷ ಬಾಕಿ ಉಳಿಸಿಕೊಂಡರೆ, ನೋಂದಣಿಯಿಲ್ಲದ ಫರ್ಮು ಅವನ ಮೇಲೆ ದಾವೆ ಹೂಡುವಂತಿಲ್ಲ. ಅವನು ನಿಮ್ಮ ಮೇಲೆ ಹೂಡಬಹುದು! ದಾವೆ ಹಾಕಿದ ಮೇಲೆ ನೋಂದಾಯಿಸಿದರೂ ಪ್ರಯೋಜನವಿಲ್ಲ.

ಪತ್ರದಲ್ಲಿ ಜನ ಬಿಟ್ಟುಬಿಡುವುದು ಕಹಿ ಪ್ರಸಂಗಗಳನ್ನು. ಅವಧಿ ನಮೂದಿಸದ ಪಾಲುದಾರಿಕೆಯನ್ನು ಯಾರಾದರೂ ಒಬ್ಬರು ಲಿಖಿತ ನೋಟಿಸ್ ಕೊಟ್ಟು ಮುಗಿಸಿಬಿಡಬಹುದು. ಒಬ್ಬರು ತೀರಿಕೊಂಡರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, ಫರ್ಮು ಅಲ್ಲಿಗೆ ವಿಸರ್ಜನೆ. ಆದ್ದರಿಂದ ‘ಉಳಿದವರು ಮುಂದುವರಿಸತಕ್ಕದ್ದು, ಹೋದವರ ಪಾಲಿನ ಬೆಲೆಯನ್ನು ಹೀಗೆ ಕಟ್ಟಿ ಇಷ್ಟು ಕಂತಿನಲ್ಲಿ ಕೊಡತಕ್ಕದ್ದು’ ಎಂದು ಬರೆಯಿರಿ. ಬೆಲೆ ಕಟ್ಟಲು ಸುಲಭದ ಸೂತ್ರ ಸಾಕು: ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಅವರ ಪಾಲಿನ ಎರಡರಷ್ಟು, ಜತೆಗೆ ಅವರ ಖಾತೆಯಲ್ಲಿರುವ ಬಂಡವಾಳ. ಮೂರರಷ್ಟೂ ಆಗಬಹುದು. ಜಗಳವಿಲ್ಲದ ಈ ಹೊತ್ತಿನಲ್ಲೇ ಒಪ್ಪಿಕೊಳ್ಳಿ.

ಯಾರಾದರೂ ಹೊರಬಂದರೆ ಬ್ಯಾಂಕಿಗೆ, ದಿನಸಿ ಅಂಗಡಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು. ನೋಂದಾಯಿತ ಫರ್ಮಾದರೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಕೊಡದಿದ್ದರೆ ಹೊರಬಂದ ಮೇಲೆ ಫರ್ಮು ಮಾಡಿದ ಸಾಲಕ್ಕೂ ಅವನೇ ಹೊಣೆಯಾಗುವ ಸಂಭವವಿದೆ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಪುತ್ತೂರಿನಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿಗೆ 10 ಲಕ್ಷ ಹಾಕಿ ಪಾಲುದಾರನಾಗಬಹುದೇ? ನಾನು ವ್ಯವಹಾರಕ್ಕೆ ತಲೆಹಾಕುವುದಿಲ್ಲ.
— ಓದುಗರು, ದುಬೈ

ಉತ್ತರ: ಆಗಬಹುದು. ಅನಿವಾಸಿ ಭಾರತೀಯರು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಪಾಲುದಾರಿಕೆ ಫರ್ಮಿಗೆ ಹಣ ಹಾಕಬಹುದು, ಬಂಡವಾಳವನ್ನು ಹೊರದೇಶಕ್ಕೆ ಒಯ್ಯುವ ಹಕ್ಕಿಲ್ಲದ ಷರತ್ತಿನ ಮೇಲೆ. ತೋಟ, ಕೃಷಿ, ರಿಯಲ್ ಎಸ್ಟೇಟ್ ವ್ಯವಹಾರದ ಫರ್ಮಿಗೆ ಇದು ಇಲ್ಲ. ಆದರೆ ತಲೆಹಾಕದಿದ್ದರೂ ತಲೆ ಕೊಡಬೇಕಾದೀತು: ಮಾಮೂಲಿ ಪಾಲುದಾರಿಕೆಯಲ್ಲಿ ಪ್ರತಿಯೊಬ್ಬರೂ ಫರ್ಮಿನ ಪೂರ್ತಿ ಸಾಲಕ್ಕೆ ಹೊಣೆ. ಸಿಮೆಂಟ್ ಡೀಲರ್ 30 ಲಕ್ಷದ ಬಾಕಿಗೆ ನಿಮ್ಮ ಮನೆಯನ್ನೇ ಹಿಡಿಯಬಹುದು. ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡಿಕೊಳ್ಳಿ, ಹಾಕಿದ 10 ಲಕ್ಷಕ್ಕೆ ಹೊಣೆ ನಿಲ್ಲುತ್ತದೆ, ನೀವಾಗಿ ಖಾತರಿ ಸಹಿ ಹಾಕದಿದ್ದರೆ. ವರ್ಷವರ್ಷ ಮೇ 30ರೊಳಗೆ ವಾರ್ಷಿಕ ವಿವರದ ಫಾರಂ 11, ಅಕ್ಟೋಬರ್ 30ರೊಳಗೆ ಲೆಕ್ಕಪತ್ರದ ಫಾರಂ 8 ಸಲ್ಲಿಸಲು ಭಾವನಿಗೆ ನೆನಪಿಸಿ, ವ್ಯಾಪಾರವೇ ನಡೆಯದ ವರ್ಷವೂ ಬಿಡುವಂತಿಲ್ಲ.

ಪ್ರಶ್ನೆ: ಮೊಳಕೆ ರಾಗಿ ಮಾಲ್ಟ್ ಮಾಡಿ ಮಾರುತ್ತೇನೆ. ಮೂವರು ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ಹದಿನೈದು ದಿನ ನಾನು ಹಾಸಿಗೆ ಹಿಡಿದರೆ ಎಲ್ಲ ನಿಲ್ಲುತ್ತದೆ. ಪಾಲುದಾರರನ್ನು ಹುಡುಕಲೇ? ಒಬ್ಬರೇ ಇದ್ದು ಕಂಪನಿ ಮಾಡಿಕೊಂಡರೆ ಆಗುತ್ತದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಒಬ್ಬರ ಕಂಪನಿ, ಅಂದರೆ ಒಪಿಸಿ, ಮಾಡಬಹುದು. ನಿಮ್ಮ ನಂತರ ಯಾರು ಎಂದು ನಾಮಿನಿಯನ್ನು ಮೊದಲೇ ಹೆಸರಿಸಬೇಕಾಗುವುದು ಅದರ ಒಳ್ಳೆಯ ಗುಣ. ವಹಿವಾಟು 2 ಕೋಟಿ ದಾಟಿದರೆ ಬದಲಿಸಬೇಕೆಂಬ ಹಳೆಯ ನಿಯಮ ಏಪ್ರಿಲ್ 2021ರಿಂದ ಇಲ್ಲ. ಆದರೆ ವರ್ಷವರ್ಷ ಆಡಿಟ್, ಫೈಲಿಂಗ್ ಖರ್ಚು ಬರುತ್ತದೆ. ಮೂವರು ಕೆಲಸದವರ ಘಟಕಕ್ಕೆ ಈಗಲೇ ಬೇಡ, ಮಾಲೀಕತ್ವದ ಸಂಸ್ಥೆಯಾಗಿಯೇ, ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಮಾಡಿಕೊಳ್ಳಿ. ಅದು ಉಚಿತ, ಯಾರಿಗೂ ದುಡ್ಡು ಕೊಡಬೇಡಿ.

ನಿಮಗೆ ಬೇಕಿರುವುದು ಪಾಲುದಾರರಲ್ಲ, ನಿಮ್ಮ ತಲೆಯಲ್ಲಿರುವುದು ಗೋಡೆಯ ಮೇಲೆ ಬರುವುದು. ಎಷ್ಟು ರಾಗಿ, 10ರಿಂದ 12 ಗಂಟೆ ನೆನೆಸುವುದು, ನೀರು ಯಾವಾಗ ಬದಲಿಸುವುದು, ಬಟ್ಟೆಯಲ್ಲಿ ಕಟ್ಟಿ ಎಷ್ಟು ಹೊತ್ತು — ಬೇಸಿಗೆಯಲ್ಲಿ 24 ಗಂಟೆ, ಮಳೆಗಾಲದಲ್ಲಿ 36ರವರೆಗೆ. ಮೊಳಕೆ ಉದ್ದವಾದರೆ ಕಹಿ. ಒಣಗಿದೆಯೇ ಎಂದು ತಿಳಿಯಲು ನಿಮ್ಮ ಕೈಯಂದಾಜು ಬೇರೆಯವರಿಗೆ ಬಾರದು, ತಕ್ಕಡಿ ಸಾಕು: 10 ಕಿಲೋ ಒಣ ರಾಗಿ ನೆನೆಹಾಕಿದ್ದರೆ, ಒಣಗಿದ ಮೇಲೆ ತೂಕ 10 ಕಿಲೋಗಿಂತ ಕೆಳಗೆ ಇಳಿದಿರಬೇಕು. ಮೊಳಕೆಯೊಡೆಯುವಾಗ ಕಾಳು ತನ್ನ ಸತ್ವವನ್ನೇ ಸ್ವಲ್ಪ ತಿನ್ನುವುದರಿಂದ, ತೂಕ 10ರಲ್ಲೇ ನಿಂತಿದ್ದರೆ ನೀರು ಉಳಿದಿದೆ ಎಂದರ್ಥ. ಅದನ್ನು ಹುರಿದು ಬೀಸಿದರೆ ಪ್ಯಾಕೆಟ್ಟಿನಲ್ಲಿ ಗಂಟುಕಟ್ಟಿ ಮುಗ್ಗಲು ಹಿಡಿಯುತ್ತದೆ.

ಮೂವರಲ್ಲಿ ಚುರುಕಾದವರೊಬ್ಬರಿಗೆ ಮೇಸ್ತ್ರಿ ಜವಾಬ್ದಾರಿ ಕೊಟ್ಟು, ಸಂಬಳದ ಮೇಲೆ ಲಾಭದ ಶೇ. 5 ಸೇರಿಸಿ. ಲಾಭದಲ್ಲಿ ಪಾಲು ಸಿಕ್ಕ ಮಾತ್ರಕ್ಕೆ ನೌಕರರು ಪಾಲುದಾರರಾಗುವುದಿಲ್ಲ ಎಂದು ಪಾಲುದಾರಿಕೆ ಕಾಯ್ದೆಯಲ್ಲೇ ಇದೆ, ಆದರೂ ಅವರಿಗೆ ಕೊಡುವ ಪತ್ರದಲ್ಲಿ ‘ನೌಕರಿ’ ಎಂದು ಸ್ಪಷ್ಟವಾಗಿ ನಮೂದಿಸಿ. ಬ್ಯಾಂಕಿನಲ್ಲಿ ಮನೆಯವರೊಬ್ಬರಿಗೆ ಖಾತೆ ನಡೆಸುವ ಅಧಿಕಾರಪತ್ರ ಕೊಡಿ, ನಾಮಿನಿ ಹೆಸರು ಇದೆಯೇ ಎಂದೂ ನೋಡಿ. ಅಧಿಕಾರಪತ್ರ ನೀವು ಇರುವವರೆಗೆ, ನಾಮಿನಿ ಆಮೇಲಿನದಕ್ಕೆ, ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಜಿಎಸ್‌ಟಿ ನೋಂದಣಿ ಇದ್ದರೆ ಅದು ನಿಮ್ಮ ಪ್ಯಾನ್‌ಗೆ ಅಂಟಿಕೊಂಡದ್ದು. ವಾರಸುದಾರರು ಹೊಸ ನೋಂದಣಿ ಪಡೆದು, ಉಳಿದ ತೆರಿಗೆ ಜಮೆಯನ್ನು ಐಟಿಸಿ-02 ಫಾರಂನಲ್ಲಿ ವರ್ಗಾಯಿಸಿಕೊಳ್ಳಬೇಕಾಗುತ್ತದೆ. ಅದಕ್ಕೆ ಬೇಕಾಗುವ ಲಾಗಿನ್ ವಿವರ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಇಷ್ಟು ಮಾಡಿದ ಮೇಲೆ, ಆರ್ಡರ್ ಕಡಿಮೆ ಇರುವ ವಾರ ನೋಡಿ ಏಳು ದಿನ ಘಟಕಕ್ಕೆ ಹೋಗಬೇಡಿ. ಅವರು ಫೋನ್ ಮಾಡಿ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು ಗೋಡೆಯ ಪಟ್ಟಿಗೆ ಸೇರಿಸಿ. ಎರಡನೆಯ ಸಲವೂ ಅದೇ ಪ್ರಶ್ನೆ ಬಂದರೆ ಪಟ್ಟಿಯ ಆ ಸಾಲು ಅವರಿಗೆ ಅರ್ಥವಾಗಿಲ್ಲ, ಅವರ ಮಾತಿನಲ್ಲೇ ತಿದ್ದಿಸಿ ಬರೆಸಿ.